ಗಾದ್ರಮ್ಮ ಮಿಸ್ ತಟ್ಟಿ ನೋಡುತ್ತಿದ್ದ ಛಾವಣಿ

ಗಾದ್ರಮ್ಮ ತೀರಿಕೊಂಡು ಏಳು ತಿಂಗಳಾಯಿತು. ಶಿಕ್ಷಕರ ನೆನಪಿನ ಸಂಚಿಕೆಗೆ ಅವಳ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಕೇಳಿದ್ದರು. ಒಂದು ಪುಟಕ್ಕೆ ಬೇಕಾದ್ದೆಲ್ಲ ಅವಳ ಸೇವಾ ಪುಸ್ತಕದಲ್ಲಿಯೇ ಇದೆ. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಕೆಲಸ ಇಪ್ಪತ್ತೈದು ವರ್ಷ, ಕೊನೆಯ ಹನ್ನೊಂದು ವರ್ಷ ಸವಳಂಗದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ಸೇವಾ ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯಲು ಕೂತೆ. ಪುಟ ಮೀರಿತು. ಆ ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ಮಕ್ಕಳು ಇನ್ನೂ ಅದೇ ಶಾಲೆಗೆ ಹೋಗುತ್ತಿದ್ದಾರೆ.

ನಾವಿಬ್ಬರೂ ಶಿಕ್ಷಕರ ತರಬೇತಿಗೆಂದು ಟಿ.ಸಿ.ಎಚ್. ಓದುವಾಗ ದಾವಣಗೆರೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಾನು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನವಳು. ಮೊದಲ ದಿನ ಅವಳ ಹೆಸರು ಕೇಳಿ ಹುಡುಗಿಯರು ನಕ್ಕರು. ನಾನೂ ನಕ್ಕೆ. ಅವಳು ಟ್ರಂಕಿನ ಬೀಗ ತೆಗೆಯುತ್ತ, "ನಮ್ಮ ದೇವರ ಹೆಸರು ಕಣೆ. ವಾಪಸ್ ಕೊಟ್ಟು ಬೇರೆ ತಗಳಾಕೆ ಆಗಲ್ಲ" ಎಂದಳು. ಆಮೇಲೆ ಛಾವಣಿಯನ್ನು ಒಂದು ಗಳಿಗೆ ನೋಡಿ, ತನ್ನ ಹಾಸಿಗೆಯನ್ನು ಬಾಗಿಲ ಪಕ್ಕಕ್ಕೆ ಎಳೆದುಕೊಂಡಳು.

ಅವಳು ಬೆಳೆದದ್ದು ಮಾಳಿಗೆ ಮನೆಯಲ್ಲಿ. ತೊಲೆಗಳ ಮೇಲೆ ಜಂತೆ ಜೋಡಿಸಿ, ಸೊಪ್ಪು ಹಾಸಿ, ಅದರ ಮೇಲೆ ಮಣ್ಣು ತುಂಬಿ ತಟ್ಟಿದ ಮನೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಮಣ್ಣು ಹಾಕಬೇಕು. ಹಾಕುತ್ತ ಹಾಕುತ್ತ ಭಾರವೂ ಏರುತ್ತದೆ. ಅವಳ ಅಜ್ಜಿ ದ್ಯಾಮಮ್ಮ ಒಂದು ಮಾತು ಹೇಳುತ್ತಿದ್ದಳಂತೆ. "ಮಾಳಿಗೆ ಹೇಳ್ದೆ ಬೀಳಲ್ಲ ಮಗಾ. ಮೊದ್ಲು ಮಣ್ಣು ಉದುರಿಸ್ತೈತೆ. ಆಮೇಲೆ ತೊಲೆ ನರಳ್ತೈತೆ. ಆಮೇಲೆ ಬೀಳ್ತೈತೆ. ಕಿವಿ ಇದ್ದೋರು ಅಷ್ಟೊತ್ತಿಗೆ ಬೀದೀಲಿರ್ತಾರೆ."

ಇದು ಬರೀ ಮಾತಾಗಿರಲಿಲ್ಲ. ಗಾದ್ರಮ್ಮನಿಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಉಣ್ಣುವ ತಟ್ಟೆಗೆ ಮಣ್ಣು ಬಿತ್ತು. ಅಜ್ಜಿ ಕೈ ತೊಳೆಯದೆ ಎದ್ದಳು. ಮಕ್ಕಳನ್ನು ಹೊರಗೆ ದಬ್ಬಿದಳು, ಎಮ್ಮೆಯ ಹಗ್ಗ ಬಿಚ್ಚಿದಳು, ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ತೊಲೆ ಸದ್ದು ಮಾಡಿತು. ಅವಳು ಅಂಗಳ ದಾಟುವಷ್ಟರಲ್ಲಿ ಆ ತೊಲೆಯ ಮೇಲಿನ ಇಡೀ ಅಂಕಣ ಕುಸಿದು ಕೂತುಹೋಯಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಈ ಕತೆಯನ್ನು ಗಾದ್ರಮ್ಮ ನನಗೆ ಹತ್ತಾರು ಸಲ ಹೇಳಿದ್ದಾಳೆ. ಒಂದು ಸಲವೂ ಎಮ್ಮೆಯನ್ನು ಮರೆಯುತ್ತಿರಲಿಲ್ಲ.

ಈ ಶಾಲೆಗೆ ವರ್ಗವಾದ ಮೇಲೆ ಅವಳು ಹೊನ್ನಾಳಿಯಲ್ಲಿ ಬಾಡಿಗೆ ಮನೆ ಹಿಡಿದಳು. ಅಲ್ಲಿಂದ ದಿನಾ ಬಸ್ಸಿನಲ್ಲಿ ನ್ಯಾಮತಿ ದಾಟಿ ಶಾಲೆಗೆ ಹೋಗುತ್ತಿದ್ದಳು. ಮೂರನೇ ಮತ್ತು ನಾಲ್ಕನೇ ತರಗತಿಯನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುವುದು ಅವಳ ಪಾಲಿಗೆ ಬಂದಿತ್ತು. ಮಕ್ಕಳಿಗೆ ಓದಲು ಕಲಿಸುವುದರಲ್ಲಿ ಅವಳಂಥವರನ್ನು ನಾನು ಕಂಡಿಲ್ಲ. ಲಗ್ನಪತ್ರಿಕೆ, ಮೆಕ್ಕೆಜೋಳದ ಬೀಜದ ಚೀಲ, ಔಷಧಿ ಡಬ್ಬಿ, ಬಸ್ಸಿನ ಟಿಕೆಟು, ಏನು ಸಿಕ್ಕರೂ ತಂದು ಓದಿಸುತ್ತಿದ್ದಳು. ಒಬ್ಬರು ಓದಬೇಕು, ಉಳಿದವರೆಲ್ಲ ಜೋರಾಗಿ ಹಿಂದೆ ಹೇಳಬೇಕು. ಆ ಗದ್ದಲ ರಸ್ತೆಗೆ ಕೇಳುತ್ತಿತ್ತು. "ಗಾದ್ರಮ್ಮ ಮಿಸ್ ಕೈಗೆ ಸಿಕ್ಕಿದ ಮಗು ದೀಪಾವಳಿ ಒಳಗೆ ಓದ್ತೈತೆ" ಎಂದು ಊರಿನವರು ಹೇಳುತ್ತಿದ್ದರು. ಅದು ನಿಜವಾಗಿತ್ತು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳ ತರಗತಿಯಿದ್ದ ಮೂರನೇ ಕೋಣೆಯಲ್ಲಿ ಶುರುವಾಯಿತು. ಅದು ಕಾಂಕ್ರೀಟು ಛಾವಣಿಯ ಕೋಣೆ, ಮೂವತ್ತು ವರ್ಷ ಹಳೆಯದು. ಛಾವಣಿಯ ಮೇಲೆ ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಅಂಬಿಕಾ ಎಂಬ ಹುಡುಗಿ ನೋಟ್‌ಬುಕ್ಕನ್ನು ಎರಡು ಕೈಯಲ್ಲಿ ತಟ್ಟೆಯಂತೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

"ಮಿಸ್, ನನ್ನ ಬುಕ್ಕಿನ ಮೇಲೆ ರವೆ ಬಿದ್ದೈತೆ."

ಗಾದ್ರಮ್ಮ ಬೆರಳಲ್ಲಿ ಮುಟ್ಟಿ ನೋಡಿದಳು. ಸಿಮೆಂಟಿನ ಪುಡಿ. ಮೇಲೆ ನೋಡಿದಳು. ಫ್ಯಾನಿನ ಕೊಕ್ಕೆಯಿಂದ ಗೋಡೆಯವರೆಗೆ ಒಂದು ಬಿರುಕು ಕೂದಲೆಳೆಯಷ್ಟು ತೆಳ್ಳಗೆ ಹೋಗಿತ್ತು. ಅವಳು ಮಕ್ಕಳಿಗೆ ಕಾರಣ ಹೇಳದೆ, "ಎಲ್ಲಾರೂ ಎದ್ದು ಸಾಲಾಗಿ ಹೊರಗೆ ಬರ್ರಿ" ಎಂದಳಂತೆ. ಅಂದು ಮರದ ಕೆಳಗೆ ಪಾಠ ನಡೆಯಿತು. ಮಧ್ಯಾಹ್ನ ಮಳೆ ಬಂತು. ಮತ್ತೆ ಒಳಗೇ ಹೋಗಬೇಕಾಯಿತು.

ಬೇರೆ ಕೋಣೆ ಇರಲಿಲ್ಲ. ಒಂದರಲ್ಲಿ ಒಂದು, ಎರಡನೇ ತರಗತಿಯ ನಲಿಕಲಿ ಮಕ್ಕಳು, ಇನ್ನೊಂದರಲ್ಲಿ ಐದನೇ ತರಗತಿ, ಕಚೇರಿ, ಅಕ್ಕಿ ಮೂಟೆ ಎಲ್ಲ ಒಟ್ಟಿಗೆ. ಜಗುಲಿಗೆ ಇರಚಲು ಹೊಡೆಯುತ್ತಿತ್ತು. ಮುಖ್ಯ ಶಿಕ್ಷಕ ಕೊಟ್ರಬಸಪ್ಪನವರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರದಲ್ಲಿದ್ದವರು, ಎರಡು ಸಲ ಪತ್ರ ಬರೆದರು. ಮೇಲಿನ ಕಚೇರಿಯಿಂದ ಯಾರೋ ಒಬ್ಬರು ಬಂದು ಬಾಗಿಲಲ್ಲೇ ನಿಂತು ಫೋನಿನಲ್ಲಿ ಫೋಟೋ ತೆಗೆದರು. "ಗಾರೆ ಉದುರ್ತೈತೆ ಅಷ್ಟೇ, ಒಳಗೆ ಗಟ್ಟಿ ಐತೆ" ಎಂದು ಹೋದರು. ಬಾಗಿಲು ದಾಟಿ ಒಳಗೆ ಬರಲಿಲ್ಲ ಎನ್ನುವುದನ್ನು ಗಾದ್ರಮ್ಮ ಗಮನಿಸಿದ್ದಳು.

ಆಮೇಲೆ ಅವಳು ತನಗೆ ಗೊತ್ತಿದ್ದುದನ್ನು ಮಾಡಿದಳು. ಕಿವಿಗೊಟ್ಟಳು.

ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಅಂಗಳದಲ್ಲೇ ಸಾಲಾಗಿ ನಿಲ್ಲಬೇಕು. ಅವಳೊಬ್ಬಳೇ ಜೇಡರ ಬಲೆ ಹೊಡೆಯುವ ಬಿದಿರು ಕೋಲು ಹಿಡಿದು ಒಳಗೆ ಹೋಗಿ, ಬಿರುಕಿನ ಉದ್ದಕ್ಕೂ ಛಾವಣಿಯನ್ನು ತಟ್ಟುತ್ತಿದ್ದಳು. ಮೂರು ಸಲ ಕೊಕ್ಕೆಯ ಹತ್ತಿರ, ಮೂರು ಸಲ ನಡುವೆ, ಮೂರು ಸಲ ಗೋಡೆಯ ಹತ್ತಿರ. ಸದ್ದು ಗಟ್ಟಿಯಾಗಿ ಬಂದರೆ, ನೆಲದ ಮೇಲೆ ಪುಡಿ ಕಾಣದಿದ್ದರೆ, ಬಾಗಿಲಿಗೆ ಬಂದು "ಬನ್ರಿ" ಎನ್ನುತ್ತಿದ್ದಳು. ಆ ಮಾತು ಕೇಳುವವರೆಗೆ ಯಾರೂ ಹೊಸಿಲು ದಾಟುವಂತಿರಲಿಲ್ಲ.

ಅಡುಗೆ ಮಾಡುವ ಕರಿಯಕ್ಕ ಒಂದು ದಿನ ಕೇಳಿದಳಂತೆ. "ಏನ್ ಮಿಸ್ಸೋರೆ, ದಿನಾ ಹಲಸಿನಕಾಯಿ ತಟ್ಟಿದಂಗೆ ತಟ್ಟಿ ನೋಡ್ತೀರಿ?"

"ಹಣ್ಣಾಗೈತಾ ಅಂತ ಕರಿಯಕ್ಕ."

"ಹಣ್ಣಾದ್ರೆ ಉದುರ್ತೈತೆ. ಕೆಳಗೆ ನಿಂತ್ಕಂಡು ನೋಡೋರು ಯಾರು ಮತ್ತೆ?"

ಇಬ್ಬರೂ ನಕ್ಕರಂತೆ. ಈಗ ಕರಿಯಕ್ಕ ಆ ಮಾತನ್ನು ನೆನೆದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ಕೋಣೆಯೊಳಗೂ ಎಲ್ಲ ಬದಲಾಯಿತು. ಇಪ್ಪತ್ತಮೂರು ಮಕ್ಕಳನ್ನು ಬಾಗಿಲ ಕಡೆಯ ಅರ್ಧ ಕೋಣೆಯಲ್ಲಿ ಒತ್ತಿ ಕೂರಿಸಿದಳು. ಒಂದು ಸಲ ಚಪ್ಪಾಳೆ ತಟ್ಟಿದರೆ ಚೀಲ, ಪುಸ್ತಕ ಬಿಟ್ಟು ಓಡಬೇಕು ಎಂದು ರೂಢಿ ಮಾಡಿಸಿದಳು. ಅದನ್ನು ಮಕ್ಕಳು ಆಟದಂತೆ ಕಲಿತವು. ಆದರೆ ಇನ್ನೊಂದನ್ನೂ ಅವಳು ಮಾಡಿದಳು, ಅದರ ಬೆಲೆ ನನಗೆ ತಡವಾಗಿ ತಿಳಿಯಿತು. ಜೋರಾಗಿ ಓದುವುದನ್ನು ನಿಲ್ಲಿಸಿದಳು. ಮಕ್ಕಳು ಒಟ್ಟಿಗೆ ಕೂಗಿದರೆ ಛಾವಣಿಯ ಸದ್ದು ಕೇಳುವುದಿಲ್ಲವಲ್ಲ. ರಸ್ತೆಗೆ ಕೇಳುತ್ತಿದ್ದ ಕೋಣೆ ಸುಮ್ಮನಾಯಿತು. "ಮೆಲ್ಲಗೆ ಓದ್ರಿ, ಮನಸ್ಸಲ್ಲಿ ಓದ್ರಿ" ಎನ್ನುತ್ತಿದ್ದಳು. ಅಕ್ಷರವೇ ಸರಿಯಾಗಿ ಹಿಡಿಯದ ಎಂಟು ವರ್ಷದ ಮಗು ಮನಸ್ಸಲ್ಲಿ ಏನು ಓದೀತು? ಪುಟ ನೋಡುತ್ತ ಕೂರುತ್ತಿತ್ತು. ಅವಳು ಕಪ್ಪು ಹಲಗೆಯಲ್ಲಿ ಅರ್ಧ ವಾಕ್ಯ ಬರೆದು ಛಾವಣಿಗೆ ಕಿವಿಗೊಟ್ಟು ನಿಂತುಬಿಡುತ್ತಿದ್ದಳು. ಉಳಿದ ಅರ್ಧ ಏನೆಂದು ಮಕ್ಕಳೇ ಕೇಳಬೇಕಿತ್ತು.

ನನ್ನ ಕೆಲಸವನ್ನು ಇಲ್ಲಿ ಹೇಳಲೇಬೇಕು. ನಾನು ಸಿ.ಆರ್.ಪಿ. ಅಂದರೆ ಸುತ್ತಲಿನ ಹದಿನಾಲ್ಕು ಶಾಲೆಗಳಿಗೆ ಹೋಗಿ, ಪಾಠ ನೋಡಿ, ಮಕ್ಕಳನ್ನು ಓದಿಸಿ, ಭೇಟಿ ಪುಸ್ತಕದಲ್ಲಿ ಬರೆಯುವವಳು. ಅದೇ ವರ್ಷ ಡಿಸೆಂಬರಿನಲ್ಲಿ ಗಾದ್ರಮ್ಮನ ತರಗತಿಗೆ ಹೋದೆ. ಇಪ್ಪತ್ತಮೂರರಲ್ಲಿ ಒಂಬತ್ತು ಮಕ್ಕಳು ಮಾತ್ರ ತಡವರಿಸದೆ ಓದಿದರು. ಅಂಬಿಕಾ 'ಹೊನ್ನಾಳಿ' ಎಂಬ ಪದವನ್ನು ಮೂರು ತುಂಡು ಮಾಡಿ ಓದಿದಳು, ಓದಿ ನನ್ನನ್ನಲ್ಲ, ಛಾವಣಿಯನ್ನು ನೋಡಿದಳು. ಅರ್ಧ ಗಂಟೆಯಲ್ಲಿ ಗಾದ್ರಮ್ಮ ಎಷ್ಟು ಸಲ ಮೇಲೆ ನೋಡಿದಳೋ ನಾನು ಎಣಿಸಲಿಲ್ಲ. ಮಕ್ಕಳೂ ಅವಳ ಜೊತೆಗೇ ನೋಡುತ್ತಿದ್ದವು.

ನಾನು ಬರೆದೆ: "ಓದುವ ಮಟ್ಟ ನಿರೀಕ್ಷೆಗಿಂತ ಕಡಿಮೆ. ಶಿಕ್ಷಕಿಯ ಗಮನ ಪಾಠದ ಮೇಲಿಲ್ಲ. ಸುಧಾರಿಸಿಕೊಳ್ಳತಕ್ಕದ್ದು."

ಅವಳು ಓದಿ ಸಹಿ ಹಾಕಿದಳು. ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದಳು. "ಗಮನ ಪಾಠದ ಮೇಲಿಲ್ಲ ಅಂತ ಬರೆದೀಯ ಲೀಲಾ. ಎಲ್ಲೈತೆ ಅಂತ ಯಾಕೆ ಬರೀಲಿಲ್ಲ?"

"ಕೊಠಡಿ ಸ್ಥಿತಿಗೆ ಬೇರೆ ಕಾಲಂ ಐತೆ ಕಣೆ."

"ಅದ್ರಲ್ಲಿ ಏನ್ ಬರೆದೆ?"

ಉತ್ತಮ, ಸಾಧಾರಣ, ದುರಸ್ತಿ ಅಗತ್ಯ ಎಂದು ಮೂರು ಇದ್ದವು. ನಾನು ಸಾಧಾರಣಕ್ಕೆ ಗುರುತು ಹಾಕಿದ್ದೆ. ದುರಸ್ತಿ ಎಂದರೆ ಕೊಟ್ರಬಸಪ್ಪನವರು ಕೋಣೆ ಮುಚ್ಚಬೇಕು, ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ ಎಂಬ ಪ್ರಶ್ನೆ ಬರುತ್ತದೆ, ನಿವೃತ್ತಿಯ ಹೊತ್ತಿನಲ್ಲಿ ಅವರಿಗೇಕೆ ಎಂದುಕೊಂಡಿದ್ದೆ. ಅವಳಿಗೆ ಅದನ್ನು ಹೇಳಿದೆ.

"ಹಂಗಾದ್ರೆ ಸರಿ ಬಿಡು. ಛಾವಣಿ ಸಾಧಾರಣ, ನಾನು ಸಾಧಾರಣಕ್ಕಿಂತ ಕಡಿಮೆ" ಎಂದು ನಕ್ಕಳು. ಊಟಕ್ಕೆ ಕೂರಿಸಿ ಬಡಿಸಿದಳು. ಅವಳು ಆ ವಾಕ್ಯವನ್ನು ಎಷ್ಟು ಒಳಗೆ ತೆಗೆದುಕೊಂಡಳು ಎಂದು ನನಗೆ ಆಗ ಹೊಳೆಯಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಅವಳ ಪಾಠದ ಬಗ್ಗೆ ಯಾರೂ ಹಾಗೆ ಬರೆದಿರಲಿಲ್ಲ.

ಬೇಸಿಗೆ ರಜೆಯಲ್ಲಿ ಊರಿನವರು ಶಾಲೆಗೆ ಬಣ್ಣ ಹೊಡೆಸಿದರು. ಊರಿನ ಶಾಲಾ ಸಮಿತಿ, ಅಂದರೆ ಎಸ್.ಡಿ.ಎಂ.ಸಿ.ಯ ಅಧ್ಯಕ್ಷ ಸಣ್ಣತಿಮ್ಮಪ್ಪ ಮುಂದೆ ನಿಂತು, ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿ, ಇಡೀ ಕಟ್ಟಡವನ್ನು ರೈಲಿನಂತೆ ಬರೆಸಿದ. ನೀಲಿ ಬೋಗಿ, ಕಿಟಕಿ, ಚಕ್ರ, ಕೋಣೆಯ ಬಾಗಿಲೇ ಬೋಗಿಯ ಬಾಗಿಲು. ಚೆನ್ನಾಗಿಯೇ ಇತ್ತು. ಒಳಗೂ ಬಿಳಿ ಬಣ್ಣ ಬಳಿದರು. ಬಳಿಯುವ ಮೊದಲು ಛಾವಣಿಯ ಬಿರುಕಿಗೆಲ್ಲ ಪುಟ್ಟಿ ಮೆತ್ತಿದರು. ಒಳ್ಳೆಯದಾಗಲಿ ಎಂದೇ ಮೆತ್ತಿದರು.

ಜೂನಿನಲ್ಲಿ ಶಾಲೆ ಶುರುವಾದಾಗ ಗಾದ್ರಮ್ಮ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಸಣ್ಣತಿಮ್ಮಪ್ಪ ಬಂದ.

"ಹೆಂಗೈತೆ ಮೇಡಮ್ಮೋರೆ ನಮ್ಮ ರೈಲು? ಈ ಸೀಮೆಗೆ ರೈಲು ಬರ್ತೈತೆ ಅಂತ ನಮ್ಮಪ್ಪ ಕಾದು ಕಾದು ಸತ್ತ. ಬರ್ಲಿಲ್ಲ. ನಾನೇ ತರಿಸ್ದೆ."

"ಬಿರುಕು ಮುಚ್ಚಿಬಿಟ್ರಲ್ಲ ಅಧ್ಯಕ್ಷರೇ."

"ಮುಚ್ಚದೆ? ಬಿಟ್ಟಿದ್ರೆ ಬಣ್ಣ ನಿಲ್ತಿತ್ತಾ? ಇನ್ನು ಆ ಕೋಲು ಹಿಡ್ಕಂಡು ತಟ್ಟಾಕೆ ಹೋಗಬೇಡ್ರಿ. ಕಲೆ ಬೀಳ್ತೈತೆ."

ಅಂದು ಸಂಜೆ ಬಸ್ಸಿನಿಂದಲೇ ಅವಳು ನನಗೆ ಫೋನು ಮಾಡಿದಳು. ಗಾಳಿಯ ಸದ್ದಿನ ನಡುವೆ ಅವಳ ದನಿ ಸಣ್ಣಗೆ ಕೇಳಿತು. "ಅದ್ರ ಬಾಯಿಗೆ ಪಟ್ಟಿ ಅಂಟಿಸಿದಾರೆ ಲೀಲಾ. ಪುಡಿ ಬೀಳಲ್ಲ ಇನ್ನು. ಬಿರುಕು ಎಲ್ಲಿತ್ತು ಅನ್ನೋದೇ ನಂಗೆ ಕಾಣ್ತಿಲ್ಲ."

ನನಗೆ ಅವಳ ಹೆದರಿಕೆ ಸಾಕಾಗಿತ್ತು. ಬರೆಯಲು ಕಷ್ಟವಾಗುತ್ತಿದೆ, ಆದರೂ ನಿಜ. "ಪುಟ್ಟಿ ಹಾಕಿದಾರೆ ಅಂದ್ರೆ ಗಟ್ಟಿಯಾಗೈತೆ ಅಂತ ತಿಳ್ಕ. ಇನ್ನಾದ್ರೂ ಮಕ್ಕಳ ಕಡೆ ನೋಡೆ" ಎಂದೆ.

ಅವಳು "ಆಯ್ತು" ಎಂದಳು.

ಅವಳು ಮಾತಿಗೆ ತಪ್ಪುವವಳಲ್ಲ. ಜುಲೈಯಲ್ಲಿ ನಾನು ಹೋದಾಗ ಗದ್ದಲ ರಸ್ತೆಗೆ ಕೇಳುತ್ತಿತ್ತು. ಮಕ್ಕಳು ಕೋಣೆ ತುಂಬ ಹರಡಿ ಕೂತಿದ್ದವು. ಅಂಬಿಕಾ ಎದ್ದು ನಿಂತು ಒಂದು ಇಡೀ ಲಗ್ನಪತ್ರಿಕೆಯನ್ನು, ಸುಖಾಗಮನ ಬಯಸುವವರ ಹೆಸರಿನ ಸಮೇತ, ಒಂದೇ ಉಸಿರಿಗೆ ಓದಿದಳು. ಮೂರನೇ ತರಗತಿಗೆ ಹೊಸದಾಗಿ ಬಂದ ಮಕ್ಕಳೂ ಅವಳ ಹಿಂದೆ ಕೂಗಿದವು. ನಾನು ಭೇಟಿ ಪುಸ್ತಕದಲ್ಲಿ "ಗಮನಾರ್ಹ ಪ್ರಗತಿ" ಎಂದು ಬರೆದೆ. ಕೊಠಡಿಯ ಕಾಲಮ್ಮಿನಲ್ಲಿ "ಉತ್ತಮ" ಎಂಬುದಕ್ಕೆ ಗುರುತು ಹಾಕಿದೆ. ಬಿಳಿ ಛಾವಣಿ ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ಊಟ ಮಾಡುವಾಗ ಅವಳ ತಟ್ಟೆ ನೋಡಿದೆ. ಬಡಿಸಿದ ಅನ್ನ ಹಾಗೇ ಇತ್ತು.

"ಏನಾಗೈತೆ?"

"ಏನಿಲ್ಲ. ಮಕ್ಕಳು ಜೋರಾಗಿ ಓದುವಾಗ ನಂಗೆ ಏನೂ ಕೇಳಲ್ಲ. ನಾಲಿಗೆ ಒಣಗ್ತೈತೆ. ಗಂಟೆ ಹೊಡೆಯೋವರ್ಗೂ ಪಾಠ ಮಾಡ್ತೀನಿ, ಏನ್ ಮಾಡಿದೆ ಅಂತ ಆಮೇಲೆ ನೆನಪಿರಲ್ಲ." ಅನ್ನ ಕಲಸುತ್ತ ಮತ್ತೆ ಹೇಳಿದಳು. "ಬೆಳಿಗ್ಗೆ ತಟ್ಟೋದೊಂದು ಬಿಟ್ಟಿಲ್ಲ. ಕೋಲಿನ ತುದಿಗೆ ಬಟ್ಟೆ ಕಟ್ಟಿದೀನಿ, ಕಲೆ ಬೀಳದಂಗೆ. ಬೈಬೇಡ."

"ತಟ್ಟಿದ್ರೆ ಸದ್ದು ಹೆಂಗೆ ಬರ್ತೈತೆ?"

"ಎಲ್ಲಾ ಕಡೆ ಒಂದೇ ತರ." ಅವಳು ತಲೆ ಎತ್ತಲಿಲ್ಲ. "ಅದೇ ನಂಗೆ ಹೆದ್ರಿಕೆ."

ನಾನು ಸಮಾಧಾನ ಹೇಳಿದೆ. ಹೇಳಿ ಮುಂದಿನ ಶಾಲೆಗೆ ಹೋದೆ.

ಆಗಸ್ಟಿನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮೂರನೆಯ ದಿನ ಬಿಸಿಲು ಬಂತು. ನಡೆದದ್ದನ್ನು ಕರಿಯಕ್ಕ ನನಗೆ ಹೇಳಿದ್ದಾಳೆ, ಅಂಬಿಕಾ ಹೇಳಿದ್ದಾಳೆ, ಕೊಟ್ರಬಸಪ್ಪನವರು ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು.

ಪ್ರಾರ್ಥನೆ ಮುಗಿಯಿತು. ಮಕ್ಕಳು ಅಂಗಳದ ಕೆಸರಿನಲ್ಲಿ ಸಾಲಾಗಿ ನಿಂತವು. ಹಿಂದಿನ ಎರಡು ದಿನದ ಪಾಠ ಉಳಿದಿತ್ತು, ಕೊಟ್ರಬಸಪ್ಪನವರು "ಇವತ್ತೊಂದಿನ ಬೇಗ ಒಳಗೆ ಕರ್ಕಳ್ರಿ ಗಾದ್ರಮ್ಮೋರೆ, ಹೊತ್ತಾಗೈತೆ" ಎಂದರು. ಅವಳು, "ಎರಡು ನಿಮಿಷ ಸಾರ್" ಎಂದು ಬಟ್ಟೆ ಕಟ್ಟಿದ ಕೋಲು ತೆಗೆದುಕೊಂಡು ನೀಲಿ ಬೋಗಿಯ ಬಾಗಿಲಿನಿಂದ ಒಳಗೆ ಹೋದಳು.

ಕರಿಯಕ್ಕ ಪಕ್ಕದ ಅಡುಗೆ ಕೋಣೆಯಲ್ಲಿ ಹಾಲು ಕಾಯಿಸುತ್ತಿದ್ದಳು. ಮೂರು ಸದ್ದು ಕೇಳಿತು, ಕೊಕ್ಕೆಯ ಹತ್ತಿರ. ಆಮೇಲೆ ನಡುವೆ ಎರಡು. ಆರನೆಯದಕ್ಕೆ ಅವಳ ಕಿವಿ ಕಾಯುತ್ತಿತ್ತು, ದಿನಾ ಕೇಳಿದ ರೂಢಿ. ಅದರ ಬದಲು ನೆಲ ಅದುರಿತು. ಪಾತ್ರೆಯ ಹಾಲು ತುಳುಕಿತು.

ಅಂಗಳದಲ್ಲಿ ಮಕ್ಕಳು ಅಳಲಿಲ್ಲವಂತೆ. ಬಾಗಿಲಿನಿಂದ ಬಿಳಿ ದೂಳು ಹೊರಗೆ ಬಂತು. ಅವು ಸಾಲು ಬಿಡದೆ ನಿಂತೇ ಇದ್ದವು. "ಬನ್ರಿ" ಎಂದು ಅವಳಿನ್ನೂ ಹೇಳಿರಲಿಲ್ಲವಲ್ಲ.

ಕರಿಯಕ್ಕನೇ ಮೊದಲು ಒಳಗೆ ಹೋದದ್ದು. ಊರಿನವರು ಬಂದು ತುಂಡುಗಳನ್ನು ಎತ್ತಿದರು. ಪುಟ್ಟಿಯ ಹಿಂದೆ ಕಂಬಿಗಳೆಲ್ಲ ತುಕ್ಕು ಹಿಡಿದು ಉಬ್ಬಿದ್ದವು ಎಂದು ಆಮೇಲೆ ಗೊತ್ತಾಯಿತು. ಸಣ್ಣತಿಮ್ಮಪ್ಪ ತನ್ನ ವ್ಯಾನು ತಂದ, ಅವನ ಕೈಯಿಂದ ರಕ್ತ ಸುರಿಯುತ್ತಿತ್ತು, ಸಿಮೆಂಟು ತುಂಡುಗಳನ್ನು ಬರಿಗೈಯಲ್ಲಿ ಎಳೆದಿದ್ದ. ಶಿವಮೊಗ್ಗದ ದಾರಿಯಲ್ಲಿ ಗಾದ್ರಮ್ಮನ ತಲೆ ಕರಿಯಕ್ಕನ ತೊಡೆಯ ಮೇಲಿತ್ತು. ಎರಡು ಮಾತು ಆಡಿದಳಂತೆ.

"ಮಕ್ಕಳು ಒಳಗೆ ಬಂದಿದ್ವಾ?"

"ಇಲ್ಲ ಮಿಸ್ಸೋರೆ. ಒಂದೂ ಬಂದಿಲ್ಲ. ನಿಂತಿದಾವೆ."

"ಅದು ಹೇಳಲೇ ಇಲ್ಲ ಕರಿಯಕ್ಕ."

ನಾನು ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಅವಳ ಗಂಡ ಬೆಂಚಿನ ಮೇಲೆ ಅವಳ ಚೀಲ ಹಿಡಿದುಕೊಂಡು ಕೂತಿದ್ದರು. ಚೀಲದಲ್ಲಿ ಊಟದ ಡಬ್ಬಿ, ಒಂದು ಮೆಕ್ಕೆಜೋಳದ ಬೀಜದ ಖಾಲಿ ಚೀಲ. ಅಂದು ಓದಿಸಲು ತಂದದ್ದು.

ಅಜ್ಜಿಯ ಮಾತು ಸುಳ್ಳಲ್ಲ. ಮಣ್ಣಿನ ಮಾಳಿಗೆ ಹೇಳಿ ಬೀಳುತ್ತದೆ. ಕಾಂಕ್ರೀಟು ಹೇಳಲೇಬೇಕೆಂದಿಲ್ಲ. ಅದು ಗಾದ್ರಮ್ಮನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದದ್ದು ಅವಳಿಗಲ್ಲ. ವಿಚಾರಣೆಗೆ ಬಂದವರು ಭೇಟಿ ಪುಸ್ತಕ ಕೇಳಿದರು. ನನ್ನ ಎರಡೂ ಬರಹಗಳನ್ನು ಓದಿದರು. ಎರಡನೆಯದರ ಕೆಳಗೆ "ಉತ್ತಮ" ಎಂಬುದರ ಮುಂದಿದ್ದ ಗುರುತಿನ ಮೇಲೆ ಒಬ್ಬರು ಬೆರಳಿಟ್ಟು ನನ್ನನ್ನು ನೋಡಿದರು. ನೀವೇ ಹಾಕಿದ್ದಾ ಎಂದು ಕೇಳಿದರು. ಹೌದು ಎಂದೆ. ಬರೆದುಕೊಂಡರು.

ಮಕ್ಕಳನ್ನು ಈಗ ಊರಿನ ಸಮುದಾಯ ಭವನದಲ್ಲಿ ಕೂರಿಸುತ್ತಾರೆ. ಕಳೆದ ವಾರ ಅಲ್ಲಿಗೆ ಹೋಗಿದ್ದೆ. ಗಾದ್ರಮ್ಮನ ಜಾಗಕ್ಕೆ ಸುನೀತಾ ಎಂಬ ಚುರುಕಾದ ಹುಡುಗಿ ಬಂದಿದ್ದಾಳೆ. ನನ್ನನ್ನು ಕಂಡ ಕೂಡಲೇ ಹತ್ತಿರ ಬಂದು ದನಿ ತಗ್ಗಿಸಿದಳು.

"ಮೇಡಂ, ಇದನ್ನ ನೀವು ಬರೀಲೇಬೇಕು. ದಿನಾ ಬೆಳಿಗ್ಗೆ ಒಂದೂ ಒಳಗೆ ಬರಲ್ಲ. ಮಳೆ ಬಂದ್ರೂ ಹೊರಗೇ ನಿಂತಿರ್ತವೆ. ನಾನು ಒಳಗೆ ಹೋಗಿ ಒಂದು ಸುತ್ತು ತಿರುಗಿ ಬಾಗಿಲಿಗೆ ಬಂದು ಕರೀಬೇಕು. ಕರೆದ್ರೂ ನನ್ನ ಮುಖ ನೋಡ್ತವೆ. ಹದಿನೈದು ನಿಮಿಷ ಹೋಗ್ತೈತೆ. ಪಾಠ ಹೆಂಗೆ ಮುಗಿಸ್ಲಿ?"

"ನೀನು ಒಳಗೆ ಹೋಗಿ ಏನ್ ನೋಡ್ತೀಯಮ್ಮ?"

"ಏನ್ ನೋಡ್ಬೇಕು ಅಂತ ನಂಗೇನ್ ಗೊತ್ತು ಮೇಡಂ? ಸುಮ್ನೆ ನಿಂತು ಬರ್ತೀನಿ. ನಂಗೂ ಹೆದ್ರಿಕೆ ಆಗ್ತೈತೆ."

ಇವತ್ತು ನಾನು ಹೋಗುತ್ತೇನೆ ಎಂದೆ. ಮಕ್ಕಳು ಸಾಲಾಗಿ ನಿಂತಿದ್ದವು. ಮುಂದೆ ಅಂಬಿಕಾ, ಬೀಜದ ಚೀಲವನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಗಾದ್ರಮ್ಮನ ಗಂಡ ಅದನ್ನು ತಂದು ಅವಳಿಗೇ ಕೊಟ್ಟಿದ್ದರಂತೆ. ನಾನು ಹೊಸಿಲು ದಾಟಿ ಭವನದ ನಡುವೆ ಹೋಗಿ ನಿಂತೆ. ಮೇಲೆ ನೋಡಿದೆ. ಸುಣ್ಣ ಬಳಿದ ಛಾವಣಿ, ಒಂದು ಫ್ಯಾನು, ಫ್ಯಾನಿನ ಕೊಕ್ಕೆ. ಎಷ್ಟು ಹೊತ್ತು ನೋಡಿದರೂ ಅದರಿಂದ ಏನೂ ತಿಳಿಯಲಿಲ್ಲ. ಹೊರಗೆ ಒಂದು ಮಗು ಕೆಮ್ಮಿತು, ಮತ್ತೆ ಸದ್ದಿಲ್ಲ. ನಾನು ಕರೆಯುವುದನ್ನೇ ಕಾಯುತ್ತಿದ್ದವು. "ಬನ್ರಿ" ಎನ್ನದೆ ಬಾಗಿಲಿಗೆ ನಡೆದೆ.

ಹೊರಗೆ ಬಂದೆ. ಭೇಟಿ ಪುಸ್ತಕ ತರಿಸಿ, ಅಂಗಳದಲ್ಲೇ ನಿಂತು, ಮೊದಲು ಕೊಠಡಿಯ ಕಾಲಂ ತುಂಬಿದೆ. "ತಿಳಿದವರು ಬಂದು ಪರೀಕ್ಷಿಸುವವರೆಗೆ ಮಕ್ಕಳನ್ನು ಒಳಗೆ ಕೂರಿಸಬಾರದು" ಎಂದು ಬರೆದು ಸಹಿ ಹಾಕಿದೆ. ಸುನೀತಾ ಅದನ್ನು ಎರಡು ಸಲ ಓದಿದಳು. ಆಮೇಲೆ ಚಾಪೆಗಳನ್ನು ಮರದ ಕೆಳಗೆ ಹಾಸಿದಳು. ಅಂಬಿಕಾ ಬೀಜದ ಚೀಲ ಬಿಡಿಸಿ ಓದಲು ಶುರು ಮಾಡಿದಳು, ಉಳಿದವು ಹಿಂದೆ ಹೇಳಿದವು, ಮೆಲ್ಲಗೆ.

"ಜೋರಾಗಿ" ಎಂದೆ.